ಬೂದಿ ಬೀಳದ ಅಂಗಿ

ತಂತಿಯ ಮೇಲೆ ಗಂಡ ಲಖನನ ಬಿಳಿ ಅಂಗಿ ಗಾಳಿಗೆ ಒಮ್ಮೆ ಹೊಟ್ಟೆ ಉಬ್ಬಿಸಿ ಮತ್ತೆ ಜೋತುಬಿತ್ತು, ಮುಂಜಾನೆಯಿಂದ ಅಲ್ಲೇ ಇದೆ, ಒಣಗಿ ಕಡಕ್ಕಾಗಿರಬೇಕು, ಇಷ್ಟು ಹೊತ್ತು ಬಿಸಿಲಲ್ಲಿ ಬಿಟ್ಟರೆ ಬಣ್ಣ ಹೋಗುತ್ತದೆ, ಬಿಳಿಯದಕ್ಕೆ ಎಂಥ ಬಣ್ಣ, ತೆಗೆದರಾಯಿತು, ಅಂದುಕೊಳ್ಳುತ್ತಲೇ ಆಮ್ರಪಾಲಿ ಕಿಟಕಿಯಿಂದ ಕಣ್ಣು ಸರಿಸಿ ಮುಂದಿದ್ದ ಐವಿ ಬಳ್ಳಿಯ ಕುಂಡದತ್ತ ತಿರುಗಿದಳು — ಆ ಅಂಗಿಯಲ್ಲಿ ಏನೋ ಒಂದು ಎಂದಿನಂತಿಲ್ಲ, ಏನೆಂದು ತಿಳಿಯಲಿಲ್ಲ, ಇರಲಿ, ಮೊದಲು ಎಲೆ. ಎಲೆ ಮತ್ತೆ ಕಪ್ಪಾಗಿದೆ. ಕೂಸಿನ ಅಂಗೈಯಷ್ಟು ಅಗಲದ, ಐದು ಮೂಲೆಯ ಎಲೆ, ಬೆರಳಿಟ್ಟರೆ ಅಂಟು, ಎತ್ತಿದರೆ ಬೆರಳಿಗೂ ಕಪ್ಪು. ಮೊನ್ನೆ ಏಪ್ರಿಲ್‌ನ ಜಯಂತಿ ಹಬ್ಬಕ್ಕೆ ಮನೆ ತೊಳೆದಾಗ ಬುದ್ಧನ ಫೋಟೋ ಒರೆಸಿದ ಕೈಯಲ್ಲೇ ಇದರ ಎಲೆಗಳನ್ನೂ ಒಂದೊಂದಾಗಿ ಒದ್ದೆ ಬಟ್ಟೆಯಿಂದ ಒರೆಸಿದ್ದಳು, ಹಾಳಾದ ಬೂದಿ ಎಂದು ಬೈದಿದ್ದಳು, ಮೂಡಲಗಿಯಲ್ಲಿ ಎಲ್ಲರೂ ಬೈಯುವಂತೆ. ಕಬ್ಬಿನ ಸೀಜನ್ ಶುರುವಾದರೆ ಫ್ಯಾಕ್ಟರಿಯ ಚಿಮಣಿಯಿಂದ ಕಪ್ಪು ಬೂದಿ ಊರ ಮೇಲೆ ಉದುರುತ್ತದೆ, ಒಣಹಾಕಿದ ಶ್ಯಾವಿಗೆಯ ಮೇಲೆ, ಹಾಲಿನ ಕೆನೆಯ ಮೇಲೆ, ಮಲಗಿದ ಕೂಸಿನ ಹಣೆಯ ಮೇಲೆ, ತಂತಿಯ ಬಟ್ಟೆಯನ್ನು ಜಾಡಿಸದೆ ಯಾರೂ ಒಳಗೆ ತರುವುದಿಲ್ಲ, ಕಪ್ಪು ಅಂದರೆ ಬೂದಿ, ಬೇರೆ ಇನ್ನೇನು.

ಅಂಟಿಗೂ ಅವಳಲ್ಲಿ ಒಂದು ಕಾರಣ ಸಿದ್ಧವಿತ್ತು. ಲಖನ ಫ್ಯಾಕ್ಟರಿಯ ತೂಕದ ಕಾಟಾದಲ್ಲಿ ಸೀಜನ್ ಕೆಲಸದವನು, ದಿನವಿಡೀ ಕಬ್ಬಿನ ಟ್ರ್ಯಾಕ್ಟರುಗಳ ನಡುವೆ ನಿಂತು ಬಂದವನ ಕೈ ಅಂಟು, ಚಪ್ಪಲಿ ಅಂಟು, ಬೈಕಿನ ಹ್ಯಾಂಡಲ್ ಅಂಟು, ಬಂದವನೇ ಚಹಾ ಕೇಳುವ ಮುಂಚೆ ಬಳ್ಳಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಎಲೆ ಸವರುತ್ತ, ಹ್ಯಾಂಗದಿಯವಾ ಹುಕ್ಕೇರಿ ಹುಡಿಗಿ, ಎಂದು ಅದನ್ನೇ ಕೇಳುತ್ತಿದ್ದ. ಕೈ ತೊಳಕೊಂಡ ಮುಟ್ರಿ ಅದನ್ನ, ಎಲಿ ಎಲ್ಲಾ ಅಂಟ ಆಗ್ಯಾವ, ಎಂದು ಇವಳು ಗದರಿಸಿದರೆ, ಇರ್ಲಿ ಬಿಡ ಪಾಲಿ, ಸಕ್ಕರಿ ಊರಿಗೆ ಕೊಟ್ಟಾರ ಅದನ್ನ, ಸಿಹಿ ಆಗಬ್ಯಾಡೇನ, ಎಂದು ನಗುತ್ತಿದ್ದ, ನಗುತ್ತ ನಗುತ್ತ ಕೆಮ್ಮುತ್ತಿದ್ದ. ಹುಕ್ಕೇರಿಯ ನರ್ಸರಿ, ಹೋದ ಮಳೆಗಾಲ, ಬೆಲ್ಲದ ಬಾಗೇವಾಡಿಯಲ್ಲಿ ಅತ್ತೆ ಉದ್ದವ್ವನನ್ನು ಕಂಡು ಬೈಕಿನಲ್ಲಿ ಮರಳುವಾಗ ತುಂತುರಿಗೆ ನಿಂತ ಕಡೆ ಈ ಬಳ್ಳಿ ಕಂಡಿತ್ತು, ನರ್ಸರಿಯವ ಹೇಳಿದ್ದ, ಇದಕ್ಕ ತಂಪ ಬೇಕ್ರಿ, ಬಿಸಲಿಗೆ ತಾಳೂದಿಲ್ಲ, ಮನಿ ಒಳಗ ಇಡ್ರಿ. ನಮ್ಮೂರಾಗ ತಂಪ ಎಲ್ಲಿಂದ ತರೂಣು, ಎಂದ ಲಖನ, ಮನೆಗೆ ಬಂದು ಕುಡಿಯುವ ನೀರಿನ ಗಡಿಗೆಯ ಪಕ್ಕದಲ್ಲೇ ಕುಂಡ ಇಟ್ಟ, ಗಡಿಗಿ ಬಾಜೂ ಯಾರರೆ ಗಿಡ ಇಡತಾರೇನ್ರಿ, ಎಂದಳು ಇವಳು, ಇಟ್ಟವ್ರ ಯಾರೂ ಇಲ್ಲ, ಅದಕ್ಕ ನಾವ ಇಡೂಣು. ಬಳ್ಳಿ ಗಡಿಗೆಯ ಕೊರಳು ಬಳಸಿ, ಗೋಡೆ ಹಿಡಿದು ಏರಿ, ಸೀಜನ್ ಶುರುವಾಗುವ ಹೊತ್ತಿಗೆ ಬುದ್ಧನ ಫೋಟೋದ ಚೌಕಟ್ಟಿಗೆ ಒಂದು ಎಳೆಯ ತುದಿ ತಾಗಿಸಿತ್ತು, ನೋಡ ಪಾಲಿ, ಶರಣ ಹೊಂಟೈತಿ, ಎಂದಿದ್ದ. ಆಮೇಲೆ ಎಲೆ ಹಳದಿಯಾದವು, ಹಸಿದಿರಬೇಕೆಂದು ಅವಳು ಚಿಟಿಕೆ ಯೂರಿಯಾ ಹಾಕಿದಳು, ಹೊಸ ಚಿಗುರು ಬಂತು, ಚಿಗುರೂ ಅಂಟು.

ಕೆಂಪಿರುವೆಗಳು ಕುಂಡದ ಅಂಚಿನಿಂದ ಸಾಲುಹಿಡಿದು ಕಾಂಡ ಏರುತ್ತಿವೆ, ಎಲ್ಲಿಗೆ ಹೋಗುತ್ತವೆ ಇವು, ಮೇಲೇನು ಬೆಲ್ಲ ಇಟ್ಟಿದೆಯೆ. ತೊಟ್ಟಿನ ಹತ್ತಿರ ಹಿಡಿದು ಒರೆಸುವಾಗ ಹೆಬ್ಬೆರಳಿನ ಉಗುರಿಗೆ ಏನೋ ತಡೆಯುತ್ತದೆ, ಗಂಟು, ಅಗಸಿ ಬೀಜದಂಥ ಕಂದು ಗಂಟು, ಈ ಜಾತಿಯ ಬಳ್ಳಿಗೆ ಇಂಥವು ಇರುತ್ತವೇನೋ ಎಂದು ಇಷ್ಟು ದಿನ ಕಂಡೂ ಬಿಟ್ಟಿದ್ದಳು, ಈಗ ಉಗುರು ಒತ್ತಿದಳು, ಗಂಟು ಕಳಚಿ ಬಂತು. ಅಡಿಯಲ್ಲಿ ಒದ್ದೆ. ಗಂಟಲ್ಲ, ಹುಳ — ಓಡುವುದಿಲ್ಲ, ಅಲುಗುವುದಿಲ್ಲ, ಬೆನ್ನ ಮೇಲೆ ಚಿಪ್ಪು ಹೊದ್ದುಕೊಂಡು ಬಳ್ಳಿಗೆ ಬಾಯಿ ಚುಚ್ಚಿ ಕೂತಿರುವ ಹುಳ. ಎಲೆ ಮಗುಚಿದಳು, ನಡುನರದ ಎರಡೂ ಬದಿಗೆ ಸಾಲಾಗಿ ಕೂತಿವೆ, ಇನ್ನೊಂದು ಎಲೆ, ಅಲ್ಲೂ, ಮತ್ತೊಂದು. ತವರೂರು ಕೌಜಲಗಿ, ಅಪ್ಪ ಪರಸಪ್ಪನ ಕಬ್ಬು, ಅವಳಿನ್ನೂ ಲಂಗದ ಹುಡುಗಿ, ಆ ವರ್ಷ ಕಬ್ಬಿನ ಗರಿಯೆಲ್ಲ ಕಪ್ಪಾಗಿತ್ತು, ಅಪ್ಪಾ, ಬೂದಿ ಇಲ್ಲೀತನಾನೂ ಬರತೈತೇನ, ಎಂದು ಕೇಳಿದ್ದಳು, ಗಾಳಿಗೆ ಏನ ಊರ ಗಡಿ ಇರತೈತೇನವಾ, ಎಂದಿದ್ದ ಅಪ್ಪ, ಓಣಿಯವರೆಲ್ಲ ಹಾಗೇ ಅನ್ನುತ್ತಿದ್ದರು, ಒಂದು ದಿನ ಅಪ್ಪ ಗರಿ ಮಗುಚಿ ನೋಡಿ ಬದುವಿನ ಮೇಲೆ ಕೂತುಬಿಟ್ಟ, ಅಡಿಯಲ್ಲಿ ಹತ್ತಿ ಮೆತ್ತಿದಂತೆ ಬಿಳಿ ಹೇನು, ಮ್ಯಾಲಿನ ಕಪ್ಪ ನೋಡಕೋತ ಕುಂತಿವಿ, ಬುಡಕ ನೋಡಲಿಲ್ಲ, ಎಂದ. ಹುಳ ರಸ ಹೀರಿ ಸಿಹಿ ಹನಿ ಬಿಡುತ್ತದೆ, ಹನಿಗೆ ಇರುವೆ ಬರುತ್ತವೆ, ಹನಿಯ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ, ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು ತಾನು, ಮೊದಲ ನೋಡ್ರಿ, ಆಮ್ಯಾಲೆ ಹೇಳ್ರಿ, ಎಂದು ಮಕ್ಕಳಿಗೆ ಹೇಳುವವಳು. ಹೋಳಿ ಹಬ್ಬಕ್ಕೆ ಮುಂಚೆಯೇ ಫ್ಯಾಕ್ಟರಿ ಬಂದ್ ಆಗಿದೆ. ಚಿಮಣಿ ತಣ್ಣಗಿದೆ. ಜಯಂತಿಗೆ ಒರೆಸಿದ ಎಲೆಗೆ ಈಗ ಎಲ್ಲಿಯ ಬೂದಿ. ಅಂದರೆ ಇದು ಹೊರಗಿನಿಂದ ಬಂದದ್ದಲ್ಲ, ಇಲ್ಲೇ, ಮನೆಯೊಳಗೆ, ಅದರ ಮೈಮೇಲೇ — ಒಳಕೋಣೆಯಲ್ಲಿ ಕೆಮ್ಮು. ಉಂಡ ಕೂಡಲೇ ಮಲಗಿದ ಲಖನ ನಿದ್ದೆಯಲ್ಲೇ ಕೆಮ್ಮುತ್ತಿದ್ದಾನೆ. ಸಾಬೂನು ನೀರು, ಹೌದು, ಮೊದಲು ಸಾಬೂನು ನೀರು.

ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸಾಬೂನಿನ ನಾಲ್ಕು ಹನಿ, ಬೇವಿನೆಣ್ಣೆ ಒಂದಿಷ್ಟು, ಕದಡಿದರೆ ಹಾಲಿನಂತಾಗುತ್ತದೆ, ಹತ್ತಿ ಅದ್ದಿ ಪ್ರತಿ ಎಲೆಯ ಅಡಿ ಒತ್ತಿ ಒರೆಸು, ಕಾಂಡಕ್ಕೆ ಹಳೆಯ ಹಲ್ಲುಜ್ಜುವ ಬ್ರಶ್, ಗಡಿಗೆಯಿಂದ ಕುಂಡ ದೂರ ಇಡು, ತೀರ ಕೆಟ್ಟ ಎಳೆಗಳನ್ನು ಕತ್ತರಿಸಿ ಹೊರಗೆ ಹಾಕು. ಒಮ್ಮೆ ತೊಳೆದರೆ ಮುಗಿಯುವುದಿಲ್ಲ, ಚಿಪ್ಪಿನಡಿಯ ಮರಿಗಳು ಕಣ್ಣಿಗೆ ಕಾಣದಷ್ಟು ಸಣ್ಣವು, ಅವು ಹೊರಟು ಬೇರೆ ಜಾಗ ಹಿಡಿಯುತ್ತವೆ, ವಾರ ವಾರ ಮಾಡಬೇಕು, ಎಲೆ ಹಸಿರಾಯಿತೆಂದು ನಡುವೆ ಬಿಡಬಾರದು, ಬಿಟ್ಟರೆ ಮೊದಲಿಗಿಂತ ಕೆಟ್ಟದಾಗಿ ಬರುತ್ತದೆ, ಬಿಡದಿದ್ದರೆ ಉಳಿಯುತ್ತದೆ, ಬೇರು ಗಟ್ಟಿಯಿದೆ, ಉಳಿಯುತ್ತದೆ. ಬುದ್ಧನ ಚೌಕಟ್ಟು ಹಿಡಿದ ತುದಿಯ ಮೇಲೂ ಚಿಪ್ಪುಗಳಿವೆ. ಕತ್ತರಿ ಹಿಡಿದ ಕೈ ಒಂದು ಕ್ಷಣ ನಿಂತಿತು, ಲಖನ ಕೇಳುತ್ತಾನೆ, ಕೇಳಲಿ, ಕತ್ತರಿಸಿದಳು. ಏನ ಮಾಡಾಕತ್ತಿ ಬೇಟಿ, ಎಂದು ಮೆಟ್ಟಿಲಲ್ಲಿ ಏದುಸಿರು, ಕೆಳಮನೆಯ ಸುಲ್ತಾನಾಬಿ, ಮನೆಯ ಮಾಲಕಿ, ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಹಾಕಲು ಬಂದವಳು ಬಾಗಿಲಲ್ಲಿ ನಿಂತಿದ್ದಾಳೆ. ಹುಳ ಹತ್ಯಾವ್ರಿ ಚಾಚಿ. ಅಯ್ಯ, ಅದಕ್ಯಾಕ ಇಷ್ಟ ಪೂಜಿ, ಒಲಿ ಬೂದಿ ಉಗ್ಗಿಬಿಡ, ಇಲ್ಲಂದ್ರ ಕಿತ್ತ ಒಗದ ತುಳಸಿನೋ ಮಲ್ಲಿಗಿನೋ ಹಚ್ಚ, ಹೂವರ ಸಿಗತಾವ, ಇದು ಹೂವಿಲ್ಲ ಕಾಯಿಲ್ಲ, ಬರೇ ನಿಮ್ಮ ಚಾಚಾನಂಗ ಗ್ವಾಡಿ ಹಿಡದ ನಿಂತಿರತೈತಿ. ಆಮ್ರಪಾಲಿಗೆ ನಗು ಬಂತು, ಒಳಗೆ ಮತ್ತೆ ಕೆಮ್ಮು, ನಗು ನಿಂತಿತು. ಸುಲ್ತಾನಾಬಿ ಕಿವಿಗೊಟ್ಟಳು. ಇನ್ನೂ ಬಿಟ್ಟಿಲ್ಲೇನ ಅವಗ, ಬೂದಿ ಎದ್ಯಾಗ ಕುಂತೈತಿ, ಬೆಲ್ಲ ತಿನ್ನಾಕ ಕೊಡ, ಹರಕೊಂಡ ಹೋಗತೈತಿ. ಕೊಡಾಕತ್ತೇನ್ರಿ. ಮೊರದಲ್ಲಿದ್ದ ಮೆಣಸಿನಕಾಯಿ ಎತ್ತಿಕೊಂಡು ಹೊರಟವಳು ಮಾಳಿಗೆಯ ಬಿಸಿಲಿಗೆ ಕಣ್ಣು ಕಿರಿದು ಮಾಡಿ ತಿರುಗಿ ಹೇಳಿದಳು, ಈಗ ನೋಡ ಎಷ್ಟ ಚಲೋ, ಮುಂಜಾನಿಂದ ಸಂಜೀತನಾ ಬಿಟ್ರೂ ಒಂದ ಕಪ್ಪ ಚುಕ್ಕಿ ಬೀಳೂದಿಲ್ಲ.

ಒಂದು ಕಪ್ಪು ಚುಕ್ಕಿ. ಹತ್ತಿ ಅದ್ದಿದಳು, ಎಲೆಯ ಅಡಿ ಒತ್ತಿದಳು, ಹತ್ತಿ ಕಪ್ಪಾಯಿತು, ಬೇರೆ ಹತ್ತಿ. ಸೀಜನ್ನಾಗ ಎಲ್ಲಾರೂ ಕೆಮ್ಮತಾರ, ಫ್ಯಾಕ್ಟರಿ ಪ್ರಸಾದ ಇದು, ಎಂದವನು ಅವನೇ, ಬೂದಿ ನಿಂತರೂ ಕೆಮ್ಮ ನಿಲ್ಲಲಿಲ್ಲಂದ್ರ ಗೋಕಾಕಕ್ಕ ಹೋಗಿ ತೋರಸೂಣು, ಆತಿಲ್ಲ, ಎಂದವನೂ ಅವನೇ, ಆಯಿತು ಎಂದವಳು ಇವಳು, ಒಪ್ಪಿಕೊಂಡಾಗ ಎಷ್ಟು ಹಗುರಾಗಿತ್ತು, ಬೂದಿಯ ಮೇಲೆ ಎಲ್ಲ ಹೊರಿಸಿದರೆ ಎಷ್ಟು ಹಗುರ. ಚಿಮಣಿ ನಿಂತಿತು, ಅವನು ಗೋಕಾಕದ ಮಾತೆತ್ತಲಿಲ್ಲ, ಇವಳೂ ಎತ್ತಲಿಲ್ಲ, ಎದೆಯೊಳಗಿನದು ಹೋಗಲು ಇನ್ನಷ್ಟು ದಿನ ಬೇಕೆಂದು ಇಬ್ಬರೂ ಮಾತಿಲ್ಲದೆ ಗಡುವು ಮುಂದೂಡಿದರು. ಕೆಮ್ಮಿನ ಸುದ್ದಿ ಹರಡಿದರೆ ಮುಂದಿನ ಸೀಜನ್‌ಗೆ ಕರೆಯಲಿಕ್ಕಿಲ್ಲ ಎಂಬುದೂ ಇತ್ತು. ಬೆಲ್ಟಿಗೆ ಅವನು ಮೊಳೆ ಕಾಸಿ ಹೊಸ ತೂತು ಹಾಕುತ್ತಿದ್ದ, ದಪ್ಪ ಇದ್ದಾಗ ಬೆಲ್ಟ ಬೈತಿತ್ತು, ಈಗ ನಾ ಅದನ್ನ ಬೈತೇನಿ, ಎಂದ, ಅವಳು ನಕ್ಕಳು. ಸಂಜೆ ಮೈ ಬೆಚ್ಚಗೆ, ಬೆಳಗಿಗೆ ದಿಂಬು ಒದ್ದೆ, ಬ್ಯಾಸಗಿ ಐತಿ ಪಾಲಿ. ಜಯಂತಿಯ ಮೆರವಣಿಗೆಯಲ್ಲಿ ಪ್ರತಿವರ್ಷ ಹಲಗೆ ಬಡಿತದ ಮುಂದೆ ಕುಣಿಯುವವನು ಈ ಸಲ ತಲೆಗೆ ನೀಲಿ ಪಟಕಾ ಕಟ್ಟಿಕೊಂಡೇ ಸುಲ್ತಾನಾಬಿಯ ಕಟ್ಟೆಯ ಮೇಲೆ ಕೂತುಬಿಟ್ಟ, ನೀವ ನಡೀರಿ, ನಾ ಬಂದೆ, ಎಂದು ಕೈ ಬೀಸಿದ, ಬರಲಿಲ್ಲ. ಅವನಪ್ಪ ಹೊಳೆಪ್ಪ ಅದೇ ಫ್ಯಾಕ್ಟರಿಯ ಬಾಯ್ಲರಿನ ಮುಂದೆ ದುಡಿದವನು, ಕೆಮ್ಮಿ ಕೆಮ್ಮಿ ಸತ್ತವನು, ಬೂದಿ ತಿಂದಿತು ಎಂದರು ಎಲ್ಲರೂ, ಉದ್ದವ್ವ ಈಗಲೂ ಹಾಗೇ ಹೇಳುತ್ತಾಳೆ, ಯಾರೂ ಅವನನ್ನು ಎಲ್ಲಿಗೂ ಕರೆದೊಯ್ಯಲಿಲ್ಲ, ಬೂದಿಗೆ ಯಾವ ದವಾಖಾನೆ. ಯಾರೂ ಮಗುಚಿ ನೋಡಲಿಲ್ಲ. ಹತ್ತಿ ಕಪ್ಪಾಯಿತು. ಗೋಕಾಕಕ್ಕೆ ಮುಂಜಾನೆಯ ಬಸ್ಸು, ಎಬ್ಬಿಸಬೇಕು, ಏಳ್ರಿ, ನಾಳಿ ಹೋಗೂಣು, ಅಷ್ಟೇ ತಾನೆ ಹೇಳಬೇಕಾದದ್ದು, ಹೇಳಿದರೆ ಅದು ಬೂದಿಯಲ್ಲ ಎಂದು ಹೇಳಿದಂತೆ, ಹೇಳುತ್ತೇನೆ, ಮೊದಲು ಅಂಗಿ ತೆಗೆದುಬಿಡುತ್ತೇನೆ. ಮಾಳಿಗೆಯ ಕಲ್ಲು ಅಂಗಾಲು ಸುಡುತ್ತದೆ. ತಂತಿಯಿಂದ ಅಂಗಿ ಎಳೆದು ಅಭ್ಯಾಸದಂತೆ ಜಾಡಿಸಲು ಎತ್ತಿದ ಕೈ ಹಾಗೇ ನಿಂತಿತು, ಇದೇ ಅಲ್ಲವೆ ಎಂದಿನಂತಿಲ್ಲದ್ದು, ಜಾಡಿಸಲು ಏನೂ ಇಲ್ಲ. ಬೆನ್ನು ನೋಡಿದಳು, ತೋಳು ನೋಡಿದಳು, ಕಾಲರಿನ ಮಡಿಕೆ ಬಿಡಿಸಿ ನೋಡಿದಳು, ಜೇಬು ಮಗುಚಿದಳು, ಸೀಜನ್ನಿನುದ್ದಕ್ಕೂ ತಿಕ್ಕಿ ತಿಕ್ಕಿ ತೆಗೆದ ಆ ಚುಕ್ಕಿ, ಒಂದಾದರೂ, ಎಳ್ಳಿನಷ್ಟಾದರೂ, ಹೊಲಿಗೆಯ ಸಂದಿಯಲ್ಲಾದರೂ ಇರಲಿ, ಒಂದು ಸಿಕ್ಕರೆ ಸಾಕು — ಬಿಳಿ. ಒಳಗೆ ಕೆಮ್ಮು. ಮತ್ತೆ ಬೆನ್ನು, ಮತ್ತೆ ತೋಳು, ಬಿಳಿ, ಎರಡೂ ಕೈಯಲ್ಲಿ ಬಿಸಿಲಿಗೆ ಅಡ್ಡ ಹಿಡಿದ ಅಂಗಿ, ಬಿಳಿ, ಒಂದು ಚುಕ್ಕಿಯೂ ಇಲ್ಲದ ಬಿಳಿ.