ಬೆಳ್ಳಗಾಗುತ್ತಿದ್ದ ನರಸಿಂಹಯ್ಯ

2011ರ ಮಾತು. ಗಂಗಾನಗರದ ನನ್ನ ಸ್ಟುಡಿಯೋಗೆ ಮುನಿಗಂಗಮ್ಮ ಪ್ರತಿ ಸೋಮವಾರ ಗಂಡನನ್ನು ನೋಡಲು ಬರುತ್ತಿದ್ದರು. ನರಸಿಂಹಯ್ಯ ತೀರಿಕೊಂಡು ವರ್ಷವಾಗಿತ್ತು. ಬದುಕಿದ್ದಾಗ ಒಂದೇ ಸಲ ಫೋಟೊ ತೆಗೆಸಿಕೊಂಡಿದ್ದರು. ಪ್ರಿಂಟುಗಳೆಲ್ಲ ಯಾವುದೋ ಅರ್ಜಿಗಳ ಜೊತೆ ಹೋಗಿದ್ದವು. ಉಳಿದದ್ದು ನನ್ನ ಕಂಪ್ಯೂಟರಿನಲ್ಲಿದ್ದದ್ದು ಮಾತ್ರ.

ಫ್ರೇಮ್ ಹಾಕಿಸಿಕೊಡುತ್ತೇನೆ ಎಂದರೆ ಒಪ್ಪುತ್ತಿರಲಿಲ್ಲ.

"ಗೋಡೆಗಾಕಿದ್ರೆ ಆರ ಆಕ್ಬೇಕು, ಕುಂಕುಮ ಇಡ್ಬೇಕು. ಇಲ್ಲಿ ಆದ್ರೆ ಸುಮ್ನೆ ನಿನ್ನಂಗಡೀಲಿ ಕುಂತವ್ರೆ."

ಹಳೆಯ ಕಂಪ್ಯೂಟರು. ಫೋಟೊ ಮೇಲಿನಿಂದ ನಿಧಾನಕ್ಕೆ ತೆರೆದುಕೊಳ್ಳುತ್ತಿತ್ತು. ಕಲ್ಯಾಣಿಯ ಮೆಟ್ಟಿಲು ಹತ್ತಿ ಬರುವವರ ಹಾಗೆ ಮೊದಲು ತಲೆ, ಆಮೇಲೆ ಕಣ್ಣು, ಆಮೇಲೆ ಮೀಸೆ. ಆ ಹೊತ್ತಿಗೆ ಅಂಗಡಿಯಲ್ಲಿ ಫ್ಯಾನಿನ ಸದ್ದೂ ದೂರ ಹೋದಂತಿರುತ್ತಿತ್ತು.

ಫೋಟೊ ತೆರೆಯುವ ಪ್ರೋಗ್ರಾಮ್ ನಾನೇ ಬರೆದದ್ದು, ಕೆಡಿಸಿ ಕೆಡಿಸಿ ಕಲಿತು. ಫೋಟೊ ತೆರೆದ ಕೂಡಲೇ ಅದು ಮುಖವನ್ನು ಒಂದಿಷ್ಟು ಬೆಳ್ಳಗೆ ಮಾಡುತ್ತಿತ್ತು. ಮುಚ್ಚುವಾಗ ಫೈಲಿನ ಗಾತ್ರ ಇಳಿಸಿ, ಹಳೆಯದರ ಮೇಲೆಯೇ ಅದೇ ಹೆಸರಿನಲ್ಲಿ ಉಳಿಸುತ್ತಿತ್ತು. ಬೆಳ್ಳಗೆ ಕಂಡೆ ಎಂದು ಯಾವ ಗಿರಾಕಿಯೂ ಜಗಳ ತೆಗೆದದ್ದಿಲ್ಲ.

ಒಂದು ಸೋಮವಾರ ಮುನಿಗಂಗಮ್ಮ ಪರದೆಯತ್ತ ಬಗ್ಗಿದರು.

"ಏನೋ ಬಾಲರಾಜು, ಯಜಮಾನ್ರು ಸತ್ಮೇಲೆ ಬೆಳ್ಳಗಾಯ್ತಾ ಅವ್ರಲ್ಲ. ಬದುಕಿದ್ದಾಗ ಒಲೆ ಮೇಲಿನ ಮಡಕೆ ಇದ್ದಂಗಿದ್ರು."

"ಅಲ್ಲಿ ಬಿಸಿಲು ಕಮ್ಮಿ ಇರ್ಬೇಕಮ್ಮ" ಎಂದು ನಕ್ಕೆ. ನಗು ಅರ್ಧಕ್ಕೆ ನಿಂತಿತು. ಮೂಗು ಕಾಣುತ್ತಿರಲಿಲ್ಲ. ಎಡಗಿವಿ, ಬೆನ್ನ ಹಿಂದೆ ಕಟ್ಟಿದ್ದ ಬಿಳಿ ಬಟ್ಟೆಯಲ್ಲಿ ಕರಗಿತ್ತು. ಪ್ರತಿ ಸೋಮವಾರ ಒಂದು ಪದರ ಬೆಳಕು ಅವರ ಮೇಲೆ ಕೂತು, ಅದೇ ಅವರ ಮುಖವಾಗಿ ಉಳಿದಿತ್ತು. ಕಪ್ಪು ಹೆಚ್ಚಿಸಿ ನೋಡಿದೆ. ಬೂದಿ ಬಣ್ಣ ಬಂತು, ಮುಖ ಬರಲಿಲ್ಲ.

ವೈರಸ್ ಬಂದಿದೆ ಎಂದಿದ್ದರೆ ನಂಬುತ್ತಿದ್ದರು. ಆದರೆ ಇದ್ದದ್ದನ್ನೇ ಹೇಳಿದೆ.

"ನೋಡೀ ನೋಡೀ ನಾನೇ ಸವೆಸ್ಬಿಟ್ನಾ?"

"ನೀವಲ್ಲಮ್ಮ. ನಾನ್ ಬರ್ದಿದ್ದು ತಪ್ಪು."

ಅವರು ಎದ್ದು ಹೋದರು. ಮೂರು ಸೋಮವಾರ ಬರಲಿಲ್ಲ. ಇನ್ನೊಂದು ಸಲ ನೋಡಿದರೆ ಇನ್ನಷ್ಟು ಹೋಗುತ್ತದೆಂಬ ಹೆದರಿಕೆ.

ಅಷ್ಟರಲ್ಲಿ ಪ್ರೋಗ್ರಾಮ್ ತಿದ್ದಿದೆ. ಮೂಲ ಫೈಲನ್ನು ಮುಟ್ಟದೆ ಅದರ ನಕಲನ್ನಷ್ಟೇ ತೆರೆಯುವ ಹಾಗೆ ಮಾಡಿದೆ. ನನ್ನದೇ ಫೋಟೊವನ್ನು ಇನ್ನೂರು ಸಲ ತೆರೆದು ಮುಚ್ಚಿದೆ, ಕೂದಲೆಳೆಯಷ್ಟೂ ಬದಲಾಗಲಿಲ್ಲ. ಆಮೇಲೆ ಅವರ ಮನೆಗೆ ಹೋದೆ. ಮಾಳಿಗೆ ಮೇಲೆ ಮೆಣಸಿನಕಾಯಿ ಒಣಹಾಕುತ್ತಿದ್ದರು.

"ಬನ್ನಿ. ಇನ್ಮೇಲೆ ಎಷ್ಟು ನೋಡಿದ್ರೂ ಸವೆಯಲ್ಲ."

"ಉಳಿದಿರೋದು ಇರ್ತದಾ?"

"ಇರ್ತದೆ."

ಅವರು ಕೈ ಒರೆಸಿಕೊಂಡು ಜೊತೆಗೇ ಬಂದರು. ಫೋಟೊ ತೆರೆಯಿತು. ಕಣ್ಣಿತ್ತು, ಮೀಸೆಯಿತ್ತು, ಅಂಗಿಯ ಗುಂಡಿಯಿತ್ತು. ನಡುವೆಲ್ಲ ಬೆಳಗಿನ ಮಂಜು.

"ಬೇರೆ ಯಾರ್ದಾದ್ರೂ ನೋಡಿ ಮೂಗು, ಕಿವಿ ತುಂಬಿಸ್ಲಾ ಅಮ್ಮ?"

"ಯಾರ್ದೋ ಮೂಗು ನಮ್ಮೆಜಮಾನ್ರಿಗ್ಯಾಕೆ? ಬಿಡು. ಎಲ್ಲೆಲ್ಲಿ ಏನೈತೆ ಅಂತ ನಂಗೊತ್ತು."

ಆ ಬಿಳುಪಿನೊಂದಿಗೆ ಮೆಲ್ಲಗೆ ಮಾತಾಡತೊಡಗಿದರು. ನಾನು ಹೊರಗೆ ಬಂದೆ. ಪಾಸ್‌ಪೋರ್ಟ್ ಫೋಟೊಗೆ ಬಂದವನೊಬ್ಬ ಬಾಗಿಲಲ್ಲಿ ನಿಂತಿದ್ದ.

"ಹತ್ ನಿಮಿಷ ಕೂತ್ಕೊಳ್ಳಿ" ಎಂದೆ. "ಒಳಗೆ ಇಬ್ರಿದ್ದಾರೆ."