ಮೈಕಿನ ಮುಂದೆ ಅತ್ತೆ

ವಿಶ್ವವಿದ್ಯಾಲಯದಲ್ಲಿ ಸಂವಹನ ಪಾಠ ಮಾಡುವ ಸೊಸೆ ಮನೆಮಾತಿನ ಬಗ್ಗೆ ಸಂಶೋಧನೆಗೆ ಕೈಹಾಕಿದ್ದಳು. ಮಾತಿನ ಮಲ್ಲಿ ಮನೆಯಲ್ಲೇ ಇರುವಾಗ ಊರೆಲ್ಲ ಯಾಕೆ ಹುಡುಕಬೇಕೆಂದು ಮೊದಲು ಅತ್ತೆಯ ಮುಂದೆಯೇ ರೆಕಾರ್ಡರ್ ಇಟ್ಟಳು. ಅದರ ಕೆಂಪು ದೀಪ ಹತ್ತಿದ್ದೇ ತಡ, ಅತ್ತೆ ಬೆನ್ನು ನೆಟ್ಟಗೆ ಮಾಡಿ ಕೂತರು.

“ನಾನು ಮುಂಜಾನೆ ಎದ್ದು ಅಡುಗೆಮನೆಯನ್ನು ಪ್ರವೇಶಿಸುತ್ತೇನೆ. ತದನಂತರ ಹಾಲನ್ನು ಕಾಯಿಸುತ್ತೇನೆ.”

“ಅತ್ತೆ, ವಾರ್ತೆ ಓದ್ಬೇಡಿ. ದಿನಾ ಮಾತಾಡೋ ಹಾಗೇ ಮಾತಾಡಿ.”

“ಯೂನಿವರ್ಸಿಟಿಯವರು ಕೇಳ್ತಾರಲ್ಲೇ. ನಮ್ಮನೆ ಮರ್ಯಾದೆ ಏನಾಗ್ಬೇಕು?”

ಒಂದು ವಾರ ಹೆಣಗಿದರೂ ಅಷ್ಟೇ. ಹುಡುಗರ ಜತೆ ಸೇರಿದರೆ ನಾಲಿಗೆ ಸಡಿಲವಾದೀತು ಎಂದು ಸೊಸೆ ಅತ್ತೆಯನ್ನು ತನ್ನ ತರಗತಿಗೇ ಕರೆದೊಯ್ದಳು. ಮುಂದಿನ ಬೆಂಚಿನ ವಿದ್ಯಾರ್ಥಿನಿ ಮೈಕ್ ಹಿಡಿದು ಗಂಟಲು ಸರಿಮಾಡಿಕೊಂಡಳು.

“ತಮ್ಮ ಬಾಲ್ಯದ ಸಾಂಸ್ಕೃತಿಕ ಪರಿಸರವನ್ನು ತಾವು ಹೇಗೆ ವಿಶ್ಲೇಷಿಸುವಿರಿ?”

ಅತ್ತೆ ಕಣ್ಣು ಕಣ್ಣು ಬಿಟ್ಟರು. “ನಿಮ್ಮಮ್ಮನ ಹತ್ರಾನೂ ಹೀಗೇ ಮಾತಾಡ್ತೀಯೇನೇ? ಪಾಪ, ಅವಳು ನಿನಗೆ ಊಟ ಬಡಿಸೋದು ಹೇಗೆ?”

ತರಗತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಹುಡುಗಿಯೂ ನಕ್ಕಳು. “ಇಲ್ಲಜ್ಜಿ, ಮೈಕ್ ಕಂಡ್ರೆ ನಾಲಿಗೆ ತಾನಾಗೇ ಇಸ್ತ್ರಿ ಹಾಕ್ಕೊಳ್ಳುತ್ತೆ.”

“ನಂದೂ ಅದೇ ಕತೆ ಕಣೇ,” ಎಂದ ಅತ್ತೆ ಕುರ್ಚಿಯನ್ನು ಅವಳತ್ತ ಎಳೆದುಕೊಂಡರು. “ಶಾಲೇಲಿ ಭಾಷಣಕ್ಕೆ ನಿಲ್ಸಿದ್ರು. ನಮ್ಮನೆ ಮಾತಲ್ಲೇ ಶುರು ಮಾಡ್ದೆ. ಮೇಷ್ಟ್ರೇ ಮೊದಲು ನಕ್ಕುಬಿಟ್ರು. ಅವತ್ತಿಂದ ನಾಲ್ಕು ಜನ ಕಂಡ್ರೆ ಪುಸ್ತಕದ ಮಾತೇ ಬರುತ್ತೆ.”

ಆಮೇಲೆ ಹಿಂದಿನ ಬೆಂಚಿನವನೊಬ್ಬ, ಹಾಸ್ಟೆಲಿನಲ್ಲಿ ಅಪ್ಪನ ಫೋನ್ ಬಂದರೆ ಟೆರೇಸಿಗೆ ಓಡುತ್ತೇನೆ, ನಮ್ಮ ಕಡೆಯ ಮಾತು ಯಾರ ಕಿವಿಗೂ ಬೀಳಬಾರದು ನೋಡಿ, ಎಂದ. ಒಬ್ಬರ ಹಿಂದೆ ಒಬ್ಬರು ಬಾಯಿ ಬಿಟ್ಟರು. ಅತ್ತೆಯಂತೂ ಗಂಟೆ ಹೊಡೆದರೂ ನಿಲ್ಲಿಸಲಿಲ್ಲ.

ತಾನು ಹುಡುಕಬೇಕಿದ್ದದ್ದು ಮನೆಮಾತನ್ನಲ್ಲ, ಅದನ್ನು ಜನ ಎಲ್ಲಿ, ಯಾಕೆ ಬಚ್ಚಿಡುತ್ತಾರೆ ಎನ್ನುವುದನ್ನು ಎಂದು ಸೊಸೆಗೆ ಹೊಳೆಯಿತು. ಸಂಜೆಯೇ ವಿಭಾಗದ ಮುಖ್ಯಸ್ಥರ ಬಳಿ ಹೋಗಿ ವಿಷಯ ಬದಲಿಸಿಕೊಂಡಳು.

ಆ ಸಂಶೋಧನೆ ಮಂಡಿಸುವ ವಿಚಾರಸಂಕಿರಣದ ದಿನ ಅತ್ತೆಯನ್ನೂ ವೇದಿಕೆಗೆ ಕರೆದರು. “ಇವರನ್ನ ಏನಂತ ಪರಿಚಯ ಮಾಡ್ಲಿ?” ಎಂದು ಮುಖ್ಯಸ್ಥರು ಸೊಸೆಯನ್ನು ಮೆಲ್ಲಗೆ ಕೇಳಿದರು.

ಅತ್ತೆಗೆ ಕೇಳಿಸಿಬಿಟ್ಟಿತು. “ಬಾಯಿಬಡುಕಿ ಅನ್ನಿ ಸಾರ್, ನಮ್ಮನೇಲಿ ಎಲ್ರೂ ಹಾಗೇ ಅನ್ನೋದು,” ಎಂದು ತಾವೇ ಮೈಕ್ ಹತ್ತಿರಕ್ಕೆ ಎಳೆದುಕೊಂಡರು.