ಕಾಲು ಉರಿಯುವ ಜಾಗ

ಭತ್ತದ ಪೈರು ಅಲ್ಲಲ್ಲಿ ಯಾಕೆ ಸಾಯುತ್ತದೆಂದು ತಿಳಿಯಲು ಮಣ್ಣುವಿಜ್ಞಾನದ ಸುಮಂಗಲಾ ಹಚ್ಚೊಳ್ಳಿಯ ಗದ್ದೆಯಲ್ಲಿ ನಲವತ್ತು ಕಡೆ ಮಣ್ಣು ತೆಗೆದು ಪರೀಕ್ಷಿಸಿದ್ದಳು. ಅಲ್ಲೇ ಬದುವಿನ ಮೇಲೆ ಕೂತು ನಾಟಿ ಹೆಂಗಸರ ಮಾತು ಬರೆದುಕೊಳ್ಳುತ್ತಿದ್ದ ಸಮಾಜಶಾಸ್ತ್ರದ ಶ್ರೀಕೃತಿಯದು ಸುಮಂಗಲಾಳ ಪ್ರಕಾರ ಸಂಶೋಧನೆಯೇ ಅಲ್ಲ, ಹರಟೆ.

ಬಳ್ಳಾರಿ ಬಸ್ಸಿನಲ್ಲಿ ಶ್ರೀಕೃತಿ ನೋಟ್‌ಬುಕ್ ತೋರಿಸಿದಳು. ಹೆಂಗಸರು ಪಾಳಿಯ ಮೇಲೆ ನಾಟಿ ಮಾಡುವ ಜಾಗಗಳನ್ನು ಗುರುತಿಸಿ, ಗುಂಪಿನ ಹಿರಿಯಳಾದ ಮಾರೆಮ್ಮನ ಮಾತು ಬರೆದಿದ್ದಳು: “ಅಲ್ಲಿ ಕಾಲು ಉರಿತಾವವ್ವ. ಒಬ್ಬಾಕೀನ ಎಷ್ಟೊತ್ತು ನಿಂದ್ರಬೇಕು? ಅದಕ್ಕ ಪಾಳಿ.”

ಸುಮಂಗಲಾ ತನ್ನ ಮಣ್ಣಿನ ನಕ್ಷೆಯನ್ನು ಅದರ ಪಕ್ಕದಲ್ಲಿಟ್ಟು ಹೋಲಿಸಿ ನೋಡಿದಳು. ಪರೀಕ್ಷೆಯಲ್ಲಿ ಉಪ್ಪು ಹೆಚ್ಚಿದ್ದ ಜಾಗಗಳೆಲ್ಲ ಅವೇ. ತಾನು ಮಣ್ಣು ತೆಗೆಯದೇ ಬಿಟ್ಟ ಒಂದು ಮೂಲೆಯೂ ಶ್ರೀಕೃತಿಯ ನೋಟ್‌ಬುಕ್‌ನಲ್ಲಿತ್ತು.

ಮರುದಿನ ಚಪ್ಪಲಿ ಬಿಚ್ಚಿ ಆ ಮೂಲೆಯ ಕೆಸರಿಗಿಳಿದಳು. “ಮಾರೆಮ್ಮಕ್ಕ, ಇಲ್ಲಿ ನನಗೂ ಒಂದು ಪಾಳಿ ಕೊಡ್ರಿ.”